ರೀಲು ಬಿಡುವುದೆಂದರೆ

ಮೀನಿನ ಗಾಳಕ್ಕೆ ದುಡ್ಡು ತೆರಬೇಕಾಗುತ್ತದೆ ಎಂಬುದು ನನಗೆ ಸರಿಯಾಗಿ ಅರಿವಾದದ್ದು ನಿವೃತ್ತನಾದ ಮೇಲೆಯೇ. ಮಾಗಡಿ ಸೀಮೆಯ ನಮ್ಮೂರಿನ ಕೆರೆಯಲ್ಲಿ ಹುಡುಗರಾಗಿದ್ದ ನಾವು ಹಿಡಿಯುತ್ತಿದ್ದ ಗಾಳದ ಕೋಲು ಯಾರದೋ ಬೇಲಿಯ ಬಿದಿರಿನದು. ತಂಗೂಸಿ ದಾರವೂ ಗಾಳದ ಮುಳ್ಳೂ ಸಂತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು, ಬೆಂಡಿಗೆ ಜೋಳದ ದಂಟಿನ ತುಂಡು ಸಾಕಾಗುತ್ತಿತ್ತು, ಎರೆಹುಳುವಂತೂ ತಿಪ್ಪೆಯ ಅಂಚಿನಲ್ಲಿ ಕೆದಕಿದಷ್ಟೂ ಇರುತ್ತಿತ್ತು. ಆ ಕೋಲಿಗೆ ದಾರ ಸುತ್ತಿಡುವ ರೀಲು ಎಂಬುದು ಇರಲಿಲ್ಲ. ಬೆಂಡು ಮುಳುಗಿದೊಡನೆ ಕೋಲನ್ನೆತ್ತಿ ತಲೆಯ ಮೇಲಿಂದ ಹಿಂದಕ್ಕೆ ಬೀಸಿದರೆ ಮೀನು ಏರಿಯ ಮೇಲೆ ಎಲ್ಲೋ ಬಿದ್ದು ಒದ್ದಾಡುತ್ತಿತ್ತು. ಅದನ್ನು ಹುಡುಕುವುದೇ ಹಿಡಿಯುವುದಕ್ಕಿಂತ ದೊಡ್ಡ ಕೆಲಸವಾಗಿತ್ತು.

ಈಗ ರೀಲಿನ ಮಾತು ಬಂದದ್ದು ಮೊಮ್ಮಗನಿಂದ. ಅಮೆರಿಕದ ಜಾರ್ಜಿಯಾದಲ್ಲಿರುವ ಮಗಳ ಮಗನಿಗೆ ಹನ್ನೆರಡು ವರ್ಷ, ಮನೆಯ ಹಿಂದೆಯೇ ಒಂದು ಕೊಳ, ಕೊಳದ ತುಂಬ ಬಾಸ್ ಮೀನು. ಲಾರ್ಜ್‌ಮೌತ್ ಬಾಸ್ ಎಂಬುದು ಅದರ ಪೂರ್ತಿ ಹೆಸರು; ಬಾಯಿ ಮುಚ್ಚಿದ್ದಾಗಲೂ ಮೇಲ್ದವಡೆ ಕಣ್ಣಿನಾಚೆಗೂ ಹೋಗುವಷ್ಟು ದೊಡ್ಡ ಬಾಯಿ. ಅವನ ರಾಜ್ಯದ್ದೇ ಆದ ಮಾಂಟ್‌ಗೊಮೆರಿ ಲೇಕ್ ಎಂಬಲ್ಲಿ 1932ರ ಜೂನ್ 2ರಂದು ಜಾರ್ಜ್ ಪೆರಿ ಎಂಬ ರೈತ ಯುವಕ 22 ಪೌಂಡ್ 4 ಔನ್ಸ್, ಅಂದರೆ ಸುಮಾರು ಹತ್ತು ಕಿಲೋ ತೂಕದ ಬಾಸ್ ಹಿಡಿದ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಅದಕ್ಕಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗಿದರೂ, ದಾಖಲೆ ಮುರಿಯಲು ಎರಡು ಔನ್ಸ್ ಅಂತರವಿರಬೇಕೆಂಬ ನಿಯಮದಿಂದಾಗಿ ಇಬ್ಬರದೂ ಸಮವೆಂದೇ ಉಳಿಯಿತು. ಈ ಕಥೆಯಲ್ಲಿ ನನಗೆ ಹಿಡಿಸಿದ ಭಾಗ ಮಾತ್ರ ಬೇರೆ: ಅಂದು ಪೆರಿಯೂ ಅವನ ಗೆಳೆಯನೂ ಒಂದೇ ಕೋಲನ್ನು ಸರದಿಯ ಮೇಲೆ ಹಿಡಿದಿದ್ದರಂತೆ, ಮೀನನ್ನು ಮನೆಯವರೆಲ್ಲ ಸೇರಿ ಅಡುಗೆ ಮಾಡಿ ಉಂಡರಂತೆ.

ಮೊಮ್ಮಗ ಬೇಸಿಗೆ ರಜೆಗೆ ಬೆಂಗಳೂರಿಗೆ ಬರುವವನಿದ್ದು, ಊರ ಕೆರೆಯಲ್ಲಿ ಗಾಳ ಹಾಕಬೇಕೆಂಬ ಆಸೆಯಿಂದ ಫೋನಿನಲ್ಲಿ ಒಂದು ಪಟ್ಟಿ ಬರೆಸಿದ. “ತಾತ, ಸ್ಪಿನ್ನಿಂಗ್ ರೀಲ್, ಎರಡೂವರೆ ಸಾವಿರದ್ದು” ಎಂದಾಗ ನಾನು ಅದನ್ನು ಬೆಲೆ ಎಂದು ತಿಳಿದು, ಪರವಾಗಿಲ್ಲ, ಹುಡುಗನಿಗೆ ತಾತನ ಪಿಂಚಣಿಯ ಅಂದಾಜಿದೆ ಎಂದು ಸಂತೋಷಪಟ್ಟೆ. 2500 ಎಂಬುದು ರೀಲಿನ ಗಾತ್ರದ ಸಂಖ್ಯೆಯೆಂದು ತಿಳಿದದ್ದು ಆಮೇಲೆ. ಕೋಲು ಆರೂವರೆ ಅಡಿಯದು, ‘ಮೀಡಿಯಂ ಪವರ್’, ‘ಫಾಸ್ಟ್ ಆ್ಯಕ್ಷನ್’. ಪವರ್ ಎಂದರೆ ಕೋಲನ್ನು ಬಗ್ಗಿಸಲು ಎಷ್ಟು ಭಾರ ಬೇಕು ಎಂಬ ಲೆಕ್ಕ, ಆ್ಯಕ್ಷನ್ ಎಂದರೆ ಅದು ಎಲ್ಲಿ ಬಗ್ಗುತ್ತದೆ ಎಂಬ ಲೆಕ್ಕ. ನಮ್ಮ ಮೇಷ್ಟರ ಕೈಯಲ್ಲಿದ್ದ ಹುಣಸೆ ಬರಲು ತುದಿಯಲ್ಲಿ ಮಾತ್ರ ಬಳುಕುತ್ತಿದ್ದುದರಿಂದ ಅದು ಫಾಸ್ಟ್. ಬುಡದವರೆಗೂ ಬಿಲ್ಲಿನಂತೆ ಬಾಗುತ್ತಿದ್ದ ನಮ್ಮ ಹಸಿ ಬಿದಿರು ಸ್ಲೋ. ತುದಿ ಮಾತ್ರ ಬಗ್ಗುವ ಕೋಲಿನಲ್ಲಿ ಮೀನು ಮುಟ್ಟಿದ ಸುದ್ದಿ ಕೈಗೆ ಬೇಗ ಬರುತ್ತದೆ, ಮುಳ್ಳು ಗಟ್ಟಿಯಾಗಿ ನಾಟುತ್ತದೆ.

ಇಲ್ಲಿ ಬಾಸ್ ಇಲ್ಲ, ನಿಜ. ಆದರೆ ಹಾವಿನಂಥ ತಲೆಯ ಮುರಲ್ ಇದೆ. ಅದೂ ಬಾಸ್‌ನಂತೆಯೇ ಜೊಂಡಿನ ನೆರಳಿನಲ್ಲಿ ಹೊಂಚುಹಾಕಿ ಕುಳಿತು, ಕಪ್ಪೆಯೋ ಮರಿಮೀನೋ ಹತ್ತಿರ ಬಂದರೆ ಒಮ್ಮೆಗೇ ಎಗರಿ ಬಾಯಿ ಹಾಕುವ ಜಾತಿಯದು. ಬಾಸ್‌ಗೆಂದು ಮಾಡಿದ ಕೋಲು, ಅದಕ್ಕೆಂದೇ ಮಾಡಿದ ರಬ್ಬರ್ ಕಪ್ಪೆ, ಎರಡೂ ಮುರಲ್ ಹಿಡಿಯುವವರಿಗೆ ಒದಗುತ್ತವೆ. ಜೊಂಡು ತೀರ ದಟ್ಟವಾಗಿದ್ದರೆ ಇನ್ನೂ ಗಡುಸಾದ ಕೋಲು ಬೇಕು. ನಮ್ಮದು ಅಂಚಿನ ಆಟ. ಬೆಂಗಳೂರಿನ ಅನೇಕ ಕೆರೆಗಳಲ್ಲಿ ಗಾಳ ಹಾಕುವಂತಿಲ್ಲ, ಉಳಿದ ಕಡೆ ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆ ಬೇಕಾಗುತ್ತದೆ ಎಂಬ ಕಾರಣಕ್ಕೆ ಊರ ಕೆರೆಯ ಗುತ್ತಿಗೆದಾರನಿಗೆ ಮುಂಚಿತವಾಗಿಯೇ ಹೇಳಿಟ್ಟಿದ್ದೇನೆ.

ಮೊದಲ ಖರೀದಿಯಲ್ಲಿ ನಾನು ಮೋಸಹೋದೆ. ಮೊಬೈಲಿನಲ್ಲಿ ಕಂಡ ಒಂದು ಸೆಟ್ಟು, ಒಂದರೊಳಗೊಂದು ಮಡಚಿಕೊಳ್ಳುವ ಕೋಲು, ‘ಹನ್ನೆರಡು ಬೇರಿಂಗ್’ ಎಂದು ಹೊಳೆಯುವ ಅಕ್ಷರದ ರೀಲು, ಎರಡೂ ಸೇರಿ ಸಾವಿರದ ಇನ್ನೂರು ರೂಪಾಯಿ. ಮನೆಯ ಮಹಡಿಯ ಮೇಲೆ ನಾಲ್ಕನೆಯ ಸಲ ಬೀಸುವಷ್ಟರಲ್ಲಿ ಕೋಲಿನ ತುದಿಯಲ್ಲಿ ದಾರ ಹಾಯುವ ಬಳೆಯೊಳಗಿನ ಪಿಂಗಾಣಿಯ ಚಕ್ರ ಉದುರಿತು. ದಾರವನ್ನು ಹಿಡಿದಿಡುವ ತಂತಿಯ ಕಮಾನು ಸ್ಪ್ರಿಂಗ್ ಕಳೆದುಕೊಂಡು ಜೋತುಬಿತ್ತು. ಹಿಡಿಯನ್ನು ಅಲುಗಿಸಿದರೆ ಇಡೀ ರೀಲು ಹಳೆಯ ಸೈಕಲ್ಲಿನ ಪೆಡಲಿನಂತೆ ಲೊಡಲೊಡ ಎನ್ನುತ್ತಿತ್ತು. ಬೇರಿಂಗುಗಳನ್ನು ಎಣಿಸಿ ರೀಲು ಕೊಳ್ಳುವುದು ಮಸಾಲೆದೋಸೆಯ ತೂತುಗಳನ್ನು ಎಣಿಸಿ ಹೋಟೆಲು ಆರಿಸಿದಂತೆ. ಅವು ಕೂರುವ ಮೈಕಟ್ಟು ಸಡಿಲವಾಗಿದ್ದರೆ ಹನ್ನೆರಡಿದ್ದೂ ಉಪಯೋಗವಿಲ್ಲ, ಗಟ್ಟಿಯಾಗಿದ್ದರೆ ಮೂರು ನಾಲ್ಕೇ ಸಾಕು.

ಎರಡನೆಯ ಸಲ ಶಿವಾಜಿನಗರದ ಅಂಗಡಿಯೊಂದಕ್ಕೆ ಖುದ್ದಾಗಿ ಹೋದೆ. ಹೊರಡುವ ಮುನ್ನ ಹೆಂಡತಿಯ ಹೂಬತ್ತಿ ಬುಟ್ಟಿಯಿಂದ ಚಿಟಿಕೆ ಹತ್ತಿ ತೆಗೆದು ಜೇಬಿಗೆ ಹಾಕಿಕೊಳ್ಳುವಾಗ ಸಿಕ್ಕಿಬಿದ್ದೆ. ಸೋಮವಾರ, ಶನಿವಾರ ಮೀನಿನ ಹೆಸರನ್ನೂ ಎತ್ತದ ಅವಳಿಗೆ, ಇದು ರಾಜರ ವಿನೋದ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿಯೇ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂದು ಒಂದು ಅಧ್ಯಾಯವನ್ನೇ ಬರೆಸಿದ್ದಾನೆ ಎಂದು ವಿವರಿಸಿದೆ. “ಅವನೇನು ಪಿಂಚಣಿ ದುಡ್ಡಲ್ಲಿ ಕೊಂಡಿದ್ನಾ? ಆ ಹತ್ತಿ ಇಲ್ಲಿಡ್ರೀ” ಎಂದಳು. ಹತ್ತಿ ಜೇಬಿನಲ್ಲೇ ಉಳಿಯಿತು.

ಅದರ ಉಪಯೋಗ ಇಷ್ಟು: ಕೋಲಿನ ಉದ್ದಕ್ಕೂ ಇರುವ ಬಳೆಗಳ ಒಳಮೈಯನ್ನು ಹತ್ತಿಯಿಂದ ಒರೆಸಿದರೆ, ಎಲ್ಲಿ ಸಣ್ಣ ಬಿರುಕೋ ಮೊನೆಯೋ ಇದೆಯೋ ಅಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ, ಹತ್ತಿಯ ಎಳೆಯನ್ನು ಹಿಡಿಯುವ ಬಳೆ ನಾಳೆ ದಾರವನ್ನು ಕೊಯ್ಯುತ್ತದೆ. ಅಂಗಡಿಯ ಹುಡುಗ ಮೊದಲಿಗೆ ನಕ್ಕ, ಎರಡನೆಯ ಕೋಲಿನ ಮೂರನೆಯ ಬಳೆಯಲ್ಲಿ ಬಿಳಿ ಎಳೆ ನಿಂತಾಗ ನಗು ನಿಲ್ಲಿಸಿ ಆ ಕೋಲನ್ನು ತಾನೇ ಒಳಗಿಟ್ಟ.

ಗಲ್ಲಾದ ಮೇಲಿದ್ದ ಹಿರಿಯರು ಮಾತ್ರ ಮೊದಲು ಹದಿನೈದು ಸಾವಿರದ ಕೋಲನ್ನೇ ನನ್ನ ಕೈಗಿತ್ತರು. ಪೂರ್ತಿ ಗ್ರ್ಯಾಫೈಟ್, ಗರಿಯಷ್ಟು ಹಗುರ. ಆದರೆ ಗ್ರ್ಯಾಫೈಟ್ ಕಾರಿನ ಬಾಗಿಲಿಗೆ ಸಿಕ್ಕಿದರೂ ಕಲ್ಲಿಗೆ ಬಡಿದರೂ ಬಿರುಕು ಬಿಡುತ್ತದೆ. ಫೈಬರ್ ಗ್ಲಾಸಿನದು ಏಟು ತಿಂದರೂ ಬದುಕುತ್ತದೆ, ತುದಿ ಭಾರ. ಎರಡನ್ನೂ ಬೆರೆಸಿ ಮಾಡಿದ ಕೋಲು ಹನ್ನೆರಡರ ಹುಡುಗನಿಗೂ ಅರವತ್ತು ದಾಟಿದ ತಾತನಿಗೂ ಹೇಳಿ ಮಾಡಿಸಿದಂತಿತ್ತು. ಒಂದೇ ತುಂಡಿನ ಕೋಲು ಮೇಲೆಂದು ಬಲ್ಲವರು ವಾದಿಸುತ್ತಾರೆ. ಅವರು ಆರೂವರೆ ಅಡಿ ಕೋಲನ್ನು ಸಂಜೆ ಆರು ಗಂಟೆಯ ಬಿಎಂಟಿಸಿ ಬಸ್ಸಿನಲ್ಲಿ ಒಮ್ಮೆ ಒಯ್ದು ನೋಡಲಿ. ನಾನು ಎರಡು ತುಂಡಿನದನ್ನು ಆರಿಸಿದೆ.

ಅಗ್ಗದ ಕೋಲನ್ನು ಆರಿಸುವಾಗ ನನಗೆ ಹೊಳೆದ ಒಂದು ವಿಚಾರವೆಂದರೆ, ಮೀನು ಕಚ್ಚಿ ಎಳೆಯುವುದು ದಿನಕ್ಕೆ ಒಂದೆರಡು ನಿಮಿಷ, ಮಿಕ್ಕ ನಾಲ್ಕು ಗಂಟೆ ಕೋಲು ಬರಿದೇ ಕೈಯಲ್ಲಿರುತ್ತದೆ. ಆದ್ದರಿಂದ ಮೀನಿನ ಕಲ್ಪನೆಗೆ ದುಡ್ಡು ಕೊಡದೆ ಮಣಿಕಟ್ಟಿನ ನೆಮ್ಮದಿಗೆ ಕೊಡಬೇಕು. ರೀಲನ್ನು ಕೋಲಿಗೆ ಜೋಡಿಸಿಯೇ ನೋಡಬೇಕು. ರೀಲು ಕೋಲಿಗೆ ಕೂರುವ ಕಾಲಿನ ಮುಂದೆ ಕೋಲನ್ನು ಒಂದು ಬೆರಳಿನ ಮೇಲೆ ಇಟ್ಟಾಗ ತಕ್ಕಡಿಯಂತೆ ನಿಂತರೆ ಸರಿ, ತುದಿ ನೆಲಕ್ಕೆ ಬಾಗಿದರೆ ಸಂಜೆಗೆ ತೋಳು ನೋಯುತ್ತದೆ. ಬೇರೆ ಬೇರೆ ಕೊಂಡರೆ ಈ ತೂಕ ತಪ್ಪುವುದೇ ಹೆಚ್ಚು.

ರೀಲಿನಲ್ಲಿ ಎರಡು ಬಗೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಬೀಸಿದಾಗ ದಾರ ಸುತ್ತಿದ ಉರುಳೆಯೇ ತಿರುಗುತ್ತದೆ, ಹೆಬ್ಬೆರಳಿನಿಂದ ಅದನ್ನು ತಡೆಯುವುದು ತುಸು ತಪ್ಪಿದರೂ ದಾರವೆಲ್ಲ ಗೀಜಗನ ಗೂಡಾಗುತ್ತದೆ. ಅದರಲ್ಲಿ ಅಗ್ಗದ್ದನ್ನು ಕೊಳ್ಳುವುದು ಸಿಟ್ಟನ್ನು ದುಡ್ಡು ಕೊಟ್ಟು ತಂದಂತೆ. ಸ್ಪಿನ್ನಿಂಗ್ ರೀಲಿನಲ್ಲಿ ಉರುಳೆ ನಿಂತೇ ಇರುತ್ತದೆ, ದಾರ ಸುರುಳಿ ಸುರುಳಿಯಾಗಿ ಕಳಚಿ ಹೋಗುತ್ತದೆ, ಕಲಿಯುವವನನ್ನು ಕ್ಷಮಿಸುತ್ತದೆ. ಹಿರಿಯರು ತೋರಿಸಿದ ಎರಡು ಮೂರರಲ್ಲಿ ಒಂದರ ಮೇಲೆ ಶಿಮಾನೊ ಎಂದಿತ್ತು. ನಮ್ಮ ಬೀದಿಯ ಹುಡುಗರ ಗೇರ್ ಸೈಕಲ್ಲುಗಳ ಮೇಲೆ ಇರುವ ಹೆಸರೇ ಅದು. 1921ರಲ್ಲಿ ಜಪಾನಿನ ಸಕಾಯ್ ಊರಿನಲ್ಲಿ ಶುರುವಾಗಿ ಸೈಕಲ್ಲಿನ ಫ್ರೀವೀಲ್ ಮಾಡುತ್ತಿದ್ದ ಕಾರ್ಖಾನೆ ಮುಂದೆ ರೀಲಿಗೂ ಕೈಹಾಕಿತು. ನನಗೆ ಇದು ಸಹಜವಾಗಿ ಕಂಡಿತು, 5.2:1 ಎಂಬ ಗೇರ್ ಅನುಪಾತಕ್ಕೆ, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರ ಸುತ್ತುವ ಭಾಗ ಐದು ಸುತ್ತಿಗೂ ತುಸು ಹೆಚ್ಚು ತಿರುಗುತ್ತದೆ ಎಂದೇ ಅರ್ಥವಲ್ಲವೆ?

ಆದರೆ ರೀಲಿನ ಜೀವ ಇರುವುದು ಗೇರಿನಲ್ಲಿ ಅಲ್ಲ, ಡ್ರ್ಯಾಗ್ ಎಂಬ ಬಿಗಿತದಲ್ಲಿ. ಮೀನು ಜೋರಾಗಿ ಎಳೆದಾಗ ದಾರ ಕಡಿಯುವ ಮೊದಲೇ ರೀಲು ತಾನಾಗಿ ದಾರ ಬಿಟ್ಟುಕೊಡಬೇಕು. ಕನ್ನಡದಲ್ಲಿ ರೀಲು ಬಿಡುವುದೆಂದರೆ ಬೇರೆ ಅರ್ಥವಿದೆ, ಮೀನು ಹಿಡಿಯುವವರಿಗೂ ಆ ಅರ್ಥಕ್ಕೂ ಹಳೆಯ ನಂಟೂ ಇದೆ. ಆದರೂ ಅಂಗಡಿಯಲ್ಲಿ ಪರೀಕ್ಷಿಸಬೇಕಾದದ್ದು ರೀಲು ಬಿಡುವುದನ್ನೇ. ನಾನು ದಾರದ ತುದಿಯನ್ನು ಹುಡುಗನ ಕೈಗೆ ಕೊಟ್ಟು, ನಿಧಾನವಾಗಿ ಬಾಗಿಲಿನವರೆಗೂ ನಡೆಯಲು ಹೇಳಿದೆ. ಒಂದು ರೀಲು ತಡೆತಡೆದು, ಗುಂಡಿಗೆ ಬಿದ್ದೆದ್ದ ಆಟೋದಂತೆ ಜಗ್ಗಿತು. ಇನ್ನೊಂದು ಟಿರ್‌ರ್ ಎಂದು ಒಂದೇ ಸ್ವರದಲ್ಲಿ ಬಿಟ್ಟುಕೊಂಡು ಹೋಯಿತು. ಎರಡನೆಯದಕ್ಕೆ ಬೇರಿಂಗ್ ಮೂರೇ. ಅದನ್ನೇ ತೆಗೆದುಕೊಂಡೆ. ರೀಲು ಎರಡು ಸಾವಿರದ ಮುನ್ನೂರು, ಕೋಲು ಸಾವಿರದ ಐನೂರು. ಮನೆಯಲ್ಲಿ ಹೇಳಿದ್ದು ಎರಡೂ ಸೇರಿ ಎರಡು ಸಾವಿರವೆಂದು. ಹೀಗೆ ಹೊಸ ರೀಲು ಮೊದಲು ಬಿಟ್ಟದ್ದು ಅಡುಗೆಮನೆಯಲ್ಲಿ.

ದಾರ ಹತ್ತು ಪೌಂಡಿನದು, ನಾಲ್ಕೂವರೆ ಕಿಲೋ ಎಳೆತ ತಡೆಯುವಂಥದ್ದು. ಡ್ರ್ಯಾಗನ್ನು ಅದರ ಕಾಲು ಭಾಗಕ್ಕೆ ಬಿಗಿಗೊಳಿಸಬೇಕೆನ್ನುವುದು ಗಾಳದವರ ರೂಢಿ, ಅಂದರೆ ಒಂದು ಕಿಲೋ ಚಿಲ್ಲರೆ. ತಕ್ಕಡಿ ಬೇಡ; ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ರೀಲಿನಿಂದ ನೇರವಾಗಿ ಇಳಿಬಿಟ್ಟ ದಾರಕ್ಕೆ ಕಟ್ಟಿ, ಅದು ಮೆಲ್ಲಗೆ ಜಾರಿ ಕೆಳಗಿಳಿಯುವವರೆಗೆ ಡ್ರ್ಯಾಗಿನ ತಿರುಪನ್ನು ಸಡಿಲಿಸಿ, ಅಲ್ಲಿಂದ ಒಂದು ಚೂರು ಬಿಗಿದರಾಯಿತು.

ಇಷ್ಟೆಲ್ಲ ಮಾಡಿ ಭಾನುವಾರ ಬೆಳಿಗ್ಗೆ ಮಹಡಿಯ ಮೇಲೆ, ಮುಳ್ಳಿನ ಬದಲು ಒಂದು ಕಬ್ಬಿಣದ ನಟ್ಟು ಕಟ್ಟಿ, ನೀರಿನ ಟ್ಯಾಂಕನ್ನು ಗುರಿಯಾಗಿಟ್ಟು ಬೀಸಿದೆ. ನಟ್ಟು ಟ್ಯಾಂಕನ್ನು ದಾಟಿ ಪಕ್ಕದ ಮನೆಯ ತಂತಿಯ ಮೇಲೆ ಒಣಗಲು ಹಾಕಿದ್ದ ಹಸಿ ಸೀರೆಗೆ ಎರಡು ಸುತ್ತು ಸುತ್ತಿಕೊಂಡಿತು. ಸೀರೆಯೊಡತಿ ಏನೂ ಅರಿಯದೆ ಅದನ್ನು ಆಚೆ ತುದಿಯಿಂದ ಎಳೆದುಕೊಂಡರು. ಟಿರ್‌ರ್ ಎಂದು ರೀಲು ಒಂದೇ ಸ್ವರದಲ್ಲಿ, ತಡವರಿಸದೆ, ಮೂರು ಗಜ ದಾರ ಬಿಟ್ಟುಕೊಟ್ಟಿತು. ದಾರವೂ ಕಡಿಯಲಿಲ್ಲ, ಸೀರೆಯೂ ಹರಿಯಲಿಲ್ಲ. ಆಕೆ ತಲೆಯೆತ್ತಿ ನೋಡುವಷ್ಟರಲ್ಲಿ ನಾನು ಕೋಲನ್ನು ಬೆನ್ನ ಹಿಂದೆ ಹಿಡಿದು ತುಳಸಿ ಗಿಡದ ಬಳಿ ನಿಂತಿದ್ದೆ.