ಶ್ರೀ ಅರೇ, ಅರೇ, ಸಾಗರ

ತಂಗಿಯ ಮದುವೆಯ ಕರೆಯೋಲೆಗಳಿಗೆ ವಿಳಾಸದ ಚೀಟಿ ಮುದ್ರಿಸಿಕೊಡುವ ಹೊಣೆಯನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ. ನಾನಾಗಿಯೇ ತಲೆಯ ಮೇಲೆ ಹೊತ್ತುಕೊಂಡೆ. ಅಪ್ಪ ಹಳೆಯ ದಿನಚರಿಯೊಂದರಲ್ಲಿ ನೆಂಟರ ಪಟ್ಟಿ ಬರೆದಿಟ್ಟುಕೊಂಡು, ಲಕೋಟೆಗಳ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ಒಂದೊಂದಾಗಿ ವಿಳಾಸ ಬರೆಯಲು ಕುಳಿತಿದ್ದರು. ಹತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಪಿಎಚ್‌ಪಿ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಅನ್ನ ತಿನ್ನುತ್ತಿರುವ ನನಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. “ಅರ್ಧ ಗಂಟೆಯ ಕೆಲಸ ಅಪ್ಪ, ನನಗೆ ಬಿಡಿ” ಎಂದೆ. ಅವರು ಮರುಮಾತಿಲ್ಲದೆ ಪೆನ್ನಿಗೆ ಮುಚ್ಚಳ ಹಾಕಿ ಎದ್ದುಹೋದರು. ಅಷ್ಟು ಸುಲಭವಾಗಿ ಅವರು ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಭಾಷೆಯ ಆಯ್ಕೆಯಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇರಲಿಲ್ಲ. ರಾಸ್ಮಸ್ ಲೆರ್ಡಾರ್ಫ್ ಎಂಬವರು 1994ರಲ್ಲಿ ಪಿಎಚ್‌ಪಿಯ ಮೊದಲ ರೂಪವನ್ನು ಬರೆದದ್ದೇ, ಅಂತರಜಾಲದಲ್ಲಿ ತಾವು ಹಾಕಿದ್ದ ಸ್ವಪರಿಚಯದ ಪುಟಕ್ಕೆ ಯಾರು ಯಾರು ಬಂದುಹೋದರು ಎಂಬ ಲೆಕ್ಕ ಇಡುವುದಕ್ಕಾಗಿ. ‘ಪರ್ಸನಲ್ ಹೋಮ್ ಪೇಜ್’ ಎಂಬುದೇ ಆ ಮೂರಕ್ಷರಗಳ ಮೂಲ ವಿಸ್ತಾರ. ಬಂದುಹೋದವರ ಲೆಕ್ಕಕ್ಕೆಂದೇ ಹುಟ್ಟಿದ ಭಾಷೆ ನಮ್ಮ ಮದುವೆಮನೆಗೆ ಬರುವವರ ಲೆಕ್ಕಕ್ಕೆ ಒದಗದೆ ಹೋದೀತೆ? ಸಾಲದುದಕ್ಕೆ ಅದರಲ್ಲಿ ಮಾಹಿತಿ ತುಂಬಿಡುವ ವೇರಿಯಬಲ್‌ಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು, ಮುಂದೊಂದು ಡಾಲರ್ ಚಿಹ್ನೆ ಇದ್ದರೆ ಸಾಕು. ಹಣೆಗೆ ಡಾಲರ್ ಅಂಟಿಸಿಕೊಂಡು ನಿಂತ ‘ಪಟ್ಟಿ’ ಎಂಬ ಪದವನ್ನು ಕಂಡಾಗ ನನಗೆ ಅಮೆರಿಕದಲ್ಲಿರುವ ದೊಡ್ಡಪ್ಪನ ಮಗನ ನೆನಪಾಯಿತು.

ಪಿಎಚ್‌ಪಿಯ ಅರೇ ಎಂದರೆ ನಂಬರು ಹಚ್ಚಿದ ಗೂಡುಗಳ ಸಾಲು ಮಾತ್ರವಲ್ಲ. ಪ್ರತಿ ಗೂಡಿಗೂ ನಮಗೆ ಬೇಕಾದ ಹೆಸರನ್ನು ಕೀ ಆಗಿ ಕೊಡಬಹುದು, ಇಟ್ಟ ಕ್ರಮವೂ ಹಾಗೆಯೇ ಉಳಿಯುತ್ತದೆ, ಗೂಡಿನೊಳಗೆ ಮತ್ತೊಂದು ಅರೇಯನ್ನೇ ಇಡಬಹುದು. ಅಟ್ಟದ ಮೇಲೆ ಟ್ರಂಕು, ಟ್ರಂಕಿನೊಳಗೆ ಡಬ್ಬಿ, ಡಬ್ಬಿಯೊಳಗೆ ಕರಡಿಗೆ ಎಂಬ ನಮ್ಮ ಅಜ್ಜಿಯ ವ್ಯವಸ್ಥೆಯೇ ಇದು. ಕರಡಿಗೆ ಯಾವ ಡಬ್ಬಿಯಲ್ಲಿದೆ ಎಂಬುದನ್ನು ಮರೆತರೆ ಆಗುವ ಪಾಡೂ ಅದೇ. ನಾನು ಹೊರಗಿನ ಅರೇಯಲ್ಲಿ ಊರುಗಳನ್ನು, ಅದರೊಳಗೆ ಆ ಊರಿನ ಮನೆಗಳನ್ನು, ಪ್ರತಿ ಮನೆಯೊಳಗೆ ಯಜಮಾನ, ವಿಳಾಸ, ಜನ ಎಂಬ ಮೂರು ಗೂಡುಗಳನ್ನು, ‘ಜನ’ದೊಳಗೆ ಆ ಮನೆಯ ಎಲ್ಲರ ಹೆಸರುಗಳನ್ನು ಇಟ್ಟೆ. ನೋಡಲು ಅಚ್ಚುಕಟ್ಟಾಗಿತ್ತು.

ತೊಡಕು ಶುರುವಾದದ್ದು ಅಮ್ಮನಿಂದ. ಅಪ್ಪನ ಪಟ್ಟಿಯಲ್ಲಿ ತವರಿನವರು ಅರ್ಧಕ್ಕರ್ಧ ಬಿಟ್ಟುಹೋಗಿದ್ದಾರೆಂದು ಅವರು ತಮ್ಮದೇ ಇನ್ನೊಂದು ಪಟ್ಟಿ ಕೊಟ್ಟರು. ಎರಡು ಅರೇಗಳನ್ನು ಕೂಡಿಸಬೇಕು. ಕೂಡಿಸುವುದಕ್ಕೆ ಒಂದನೆಯ ತರಗತಿಯಲ್ಲಿ ಕಲಿತ ಚಿಹ್ನೆ ಇದ್ದೇ ಇದೆಯಲ್ಲ ಎಂದು ನಡುವೆ ಪ್ಲಸ್ ಹಾಕಿದೆ. ಆದರೆ ಪಿಎಚ್‌ಪಿಯ ಪ್ಲಸ್ ಎಡಗಡೆಯವರ ಪಕ್ಷಪಾತಿ. ಎರಡೂ ಕಡೆ ಒಂದೇ ಕೀ ಇದ್ದರೆ ಎಡದ್ದನ್ನು ಉಳಿಸಿಕೊಂಡು ಬಲದ್ದನ್ನು ಒಳಗೆ ಇಣುಕಿಯೂ ನೋಡದೆ ಕೈಬಿಡುತ್ತದೆ. ಅಪ್ಪನ ಪಟ್ಟಿಯಲ್ಲಿ ‘ಸಾಗರ’ ಎಂಬ ಕೀ ಮೊದಲೇ ಇತ್ತು, ಅದರೊಳಗೆ ಎರಡು ಮನೆಗಳೂ ಇದ್ದವು. ಹಾಗಾಗಿ ಅಮ್ಮ ಬರೆದುಕೊಟ್ಟಿದ್ದ ಸಾಗರದ ಒಂಬತ್ತು ಮನೆಗಳು ಒಂದೇ ಏಟಿಗೆ ಇಲ್ಲವಾದವು. “ಇದನ್ನು ನಿಮ್ಮ ಅಪ್ಪ ಹೇಳಿಕೊಟ್ಟರೋ, ನಿನಗೇ ಹೊಳೆಯಿತೋ?” ಎಂದು ಅಮ್ಮ ತಣ್ಣಗೆ ಕೇಳಿದರು. ತವರನ್ನು ಅಳಿಸಿದ್ದು ಒಂದು ಚಿಹ್ನೆ ಎಂದು ನಾನು ಹೇಳಿದ್ದನ್ನು ಅವರು ನಂಬಿದಂತೆ ಕಾಣಲಿಲ್ಲ.

ಎರಡನೆಯ ಸಲ, ಒಳಒಳಗೂ ಹೊಕ್ಕು ಬೆಸೆಯುವ ‘ಅರೇ ಮರ್ಜ್ ರಿಕರ್ಸಿವ್’ ಎಂಬ ಫಂಕ್ಷನ್ನನ್ನು, ಅಂದರೆ ಭಾಷೆಯಲ್ಲಿ ಮೊದಲೇ ಸಿದ್ಧವಿರುವ ಕೆಲಸಗಾರನನ್ನು, ಕರೆದೆ. ಇದು ಪ್ಲಸ್‌ನ ತದ್ವಿರುದ್ಧ ಸ್ವಭಾವದ್ದು, ಯಾರ ಮನಸ್ಸನ್ನೂ ನೋಯಿಸದ ಜಾತಿ. ಒಂದೇ ಕೀಯ ಅಡಿಯಲ್ಲಿ ಎರಡು ಮಾತು ಸಿಕ್ಕರೆ ಎರಡನ್ನೂ ಸೇರಿಸಿ ಅಲ್ಲೊಂದು ಹೊಸ ಅರೇಯನ್ನು ಕಟ್ಟಿಬಿಡುತ್ತದೆ. ಎರಡೂ ಪಟ್ಟಿಗಳಲ್ಲಿದ್ದ ಮನೆಗಳು 14. ಆ ಮನೆಗಳ ಯಜಮಾನರ ಹೆಸರನ್ನು ಅಪ್ಪ ಇನಿಷಿಯಲ್ ಸಹಿತ ಪೂರ್ಣವಾಗಿಯೂ ಅಮ್ಮ ಮನೆಯಲ್ಲಿ ಕರೆಯುವಂತೆಯೂ ಬರೆದಿದ್ದರು. ಎರಡೂ ಸೇರಿ ‘ಯಜಮಾನ’ ಎಂಬ ಗೂಡಿನಲ್ಲಿ ಹೆಸರಿನ ಬದಲು ಅರೇ ಕುಳಿತಿತು, ‘ವಿಳಾಸ’ದ ಗತಿಯೂ ಅದೇ ಆಯಿತು. ಅರೇಯನ್ನು ನೇರವಾಗಿ ಮುದ್ರಿಸಲು ಹೇಳಿದರೆ ಪಿಎಚ್‌ಪಿ ಒಳಗಿರುವುದನ್ನು ಹೊರತೆಗೆಯುವುದಿಲ್ಲ; ಪೆಟ್ಟಿಗೆಯ ಮೇಲೆ ‘ಪೆಟ್ಟಿಗೆ’ ಎಂದು ಬರೆದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಅರೇ’ ಎಂದು ಅಚ್ಚು ಹಾಕಿ, ದೋಷಗಳ ಲಾಗ್ ಕಡತದಲ್ಲಿ ಒಂದು ಎಚ್ಚರಿಕೆ ಬರೆದು ಸುಮ್ಮನಾಗುತ್ತದೆ. ಆ ಕಡತವನ್ನು ತೆರೆದು ನೋಡುವ ಅಭ್ಯಾಸ ನನಗಿರಲಿಲ್ಲ.

ಅಪ್ಪ ಕನ್ನಡಕ ಏರಿಸಿಕೊಂಡು ಚೀಟಿಯೊಂದನ್ನು ಗಟ್ಟಿಯಾಗಿ ಓದಿದರು: “ಶ್ರೀ ಅರೇ, ಅರೇ, ಸಾಗರ.” ಸ್ವಲ್ಪ ಹೊತ್ತು ಯೋಚಿಸಿ, “ಈ ಅರೆ ಎಂಬ ಮನೆತನದವರು ನಿಮ್ಮ ಕಡೆಯವರೇ ಇರಬೇಕು” ಎಂದು ಅಮ್ಮನ ಕಡೆಗೆ ನೋಡಿದರು. “ನಮ್ಮ ಕಡೆ ಯಾರೂ ಅರೆಯಾಗಿಲ್ಲ, ಎಲ್ಲರೂ ಪೂರ್ತಿಯಾಗಿಯೇ ಇದ್ದಾರೆ” ಎಂದರು ಅಮ್ಮ.

ಹೆಸರುಗಳೂ ಎರಡೆರಡು ಸಲ ಬಂದಿದ್ದವಲ್ಲ, ಅವನ್ನು ತೆಗೆಯಲು ‘ಅರೇ ಯುನೀಕ್’ ಇದೆ ಎಂದು ಅದನ್ನು ಕರೆದೆ. ಅದನ್ನು ಒಳಗಿನ ಕರಡಿಗೆಗೆ ಹಚ್ಚುವ ಬದಲು ಹೊರಗಿನ ಟ್ರಂಕಿಗೇ ಹಚ್ಚಿದ್ದು ನನ್ನ ತಪ್ಪು. ಅದು ಪ್ರತಿಯೊಂದನ್ನೂ ಅಕ್ಷರಗಳಾಗಿ ಬದಲಾಯಿಸಿಕೊಂಡು ಹೋಲಿಸಿ ನೋಡುತ್ತದೆ. ತೀರ್ಥಹಳ್ಳಿ ಎಂಬ ಗೂಡಿನಲ್ಲಿರುವುದು ‘ಅರೇ’, ಸಾಗರದಲ್ಲಿಯೂ ‘ಅರೇ’, ಹಾಸನದಲ್ಲಿಯೂ ‘ಅರೇ’; ಎಲ್ಲವೂ ಒಂದೇ ಎಂದ ಮೇಲೆ ಒಂದನ್ನು ಇಟ್ಟುಕೊಂಡರೆ ಸಾಕಲ್ಲ! 23 ಊರುಗಳಲ್ಲಿ ಮೊದಲಿದ್ದ ತೀರ್ಥಹಳ್ಳಿಯೊಂದು ಉಳಿದು ಮಿಕ್ಕ 22 ಊರುಗಳು ಹೊರಟುಹೋದವು. ಅದ್ವೈತವನ್ನು ಇಷ್ಟು ಶೀಘ್ರವಾಗಿ ಸಾಧಿಸಿದವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಕೊನೆಗೆ ‘ಅರೇ ರಿಪ್ಲೇಸ್ ರಿಕರ್ಸಿವ್’ ಕೈಹಿಡಿಯಿತು. ಇದರಲ್ಲಿ ಭಿನ್ನಾಭಿಪ್ರಾಯ ಬಂದಲ್ಲೆಲ್ಲ ಎರಡನೆಯವರ ಮಾತೇ ನಡೆಯುತ್ತದೆ. ಅಮ್ಮನ ಪಟ್ಟಿಯನ್ನು ಎರಡನೆಯದಾಗಿ ಕೊಟ್ಟೆ. ಮನೆಯಲ್ಲಿ ನಡೆದುಬಂದ ಪದ್ಧತಿಗೂ ಅದು ಹೊಂದುತ್ತಿತ್ತು. ‘ಜನ’ದೊಳಗಿನ ಹೆಸರುಗಳನ್ನು ಮಾತ್ರ ಕೈಯಾರೆ ತಿದ್ದಬೇಕಾಯಿತು. ಅರ್ಧ ಗಂಟೆಯ ಕೆಲಸಕ್ಕೆ ಆಗ ಮೂರನೆಯ ದಿನ ನಡೆಯುತ್ತಿತ್ತು.

ಇನ್ನು ಉಳಿದದ್ದು ಜೋಡಣೆ. ಊರುಗಳನ್ನು ಅಕಾರಾದಿಯಾಗಿ ಜೋಡಿಸಿದ ಮೇಲೆ, ಪ್ರತಿ ಊರಿನ ಮನೆಗಳನ್ನೂ ಹಾಗೆಯೇ ಜೋಡಿಸಲು ಪಟ್ಟಿಯ ಒಂದೊಂದನ್ನೇ ಸರದಿಯಲ್ಲಿ ಕೈಗೆತ್ತಿಕೊಳ್ಳುವ ‘ಫಾರೀಚ್’ ಸುತ್ತು ಬರೆದೆ. ಪ್ರೋಗ್ರಾಂ ಓಡಿತು, ಒಂದು ಮನೆಯೂ ಕದಲಲಿಲ್ಲ. ಫಾರೀಚ್ ನಮ್ಮ ಕೈಗೆ ಕೊಡುವುದು ಪ್ರತಿ ಊರಿನ ನಕಲನ್ನು. ನಾನು ನಕಲನ್ನು ಜೋಡಿಸಿ ಜೋಡಿಸಿ ಎಸೆಯುತ್ತಿದ್ದೆ. ಅಸಲೇ ಬೇಕೆಂದರೆ ‘ಊರು’ ಎಂಬ ವೇರಿಯಬಲ್‌ನ ಮುಂದೆ ಆಂಪರ್ಸಂಡ್ (&) ಚಿಹ್ನೆ ಹಾಕಬೇಕು. ಹಾಕಿದೆ, ಮನೆಗಳು ಸಾಲಾಗಿ ನಿಂತವು. ಅದರ ಕೆಳಗೆ, ಅದೇ ‘ಊರು’ ಎಂಬ ಹೆಸರನ್ನಿಟ್ಟುಕೊಂಡು, ಆಂಪರ್ಸಂಡ್ ಇಲ್ಲದ ಎರಡನೆಯ ಸುತ್ತು ಬರೆದು ಚೀಟಿಗಳನ್ನು ಮುದ್ರಿಸಿದೆ. ಮನೆಗಳು 62, ಚೀಟಿಗಳನ್ನೂ ಎಣಿಸಿದೆ, 62. ಲಕೋಟೆಗಳು ಅಂಚೆಗೆ ಹೋದವು.

ಅದೇ ವಾರ ಅಡುಗೆ ಭಟ್ಟರು ತಲೆಲೆಕ್ಕ ಕೇಳಿದರು. ಪ್ರೋಗ್ರಾಂ ಇರುವಾಗ ಬೆರಳು ಮಡಚುವುದೇಕೆಂದು, ಎಣಿಸುವ ಫಂಕ್ಷನ್ನಿಗೆ ಒಳಗಿನದನ್ನೂ ಎಣಿಸು ಎಂಬ ಸೂಚನೆ ಕೊಟ್ಟೆ. “519” ಎಂದಿತು, ನಾನೂ ಹಾಗೆಯೇ ಎಂದೆ. ಭಟ್ಟರು ಅಂಗಳದಿಂದ ಅಡುಗೆಮನೆಯವರೆಗೆ ಒಮ್ಮೆ ಕಣ್ಣಾಡಿಸಿ, “ಇನ್ನೂರೈವತ್ತು ಎಲೆ ಸಾಕು” ಎಂದು ಬರೆದುಕೊಂಡು ಹೋದರು. ರಾತ್ರಿ ಕುಳಿತು ನೋಡಿದರೆ ಮನುಷ್ಯರು ಇದ್ದದ್ದು 248. ಮಿಕ್ಕವು 23 ಊರುಗಳು, 62 ಮನೆಗಳು, ಮನೆಗೆ ಮೂರರಂತೆ 186 ಗೂಡುಗಳು. ವಿಳಾಸಗಳೆಲ್ಲ ಮಡಿಯುಟ್ಟು ಪಂಕ್ತಿಯಲ್ಲಿ ಕುಳಿತು ಪಾಯಸಕ್ಕೆ ಕಾಯುತ್ತಿದ್ದವು.

ಹನ್ನೊಂದನೆಯ ದಿನ ಒಂದು ಲಕೋಟೆ ಮರಳಿ ಬಂತು. ಅದರ ಮೇಲೆ ಹಾಸನದ ಮಾವನ ಹೆಸರು, ಮಾವನ ಮನೆಯ ರಸ್ತೆ, ಕೆಳಗೆ ಊರು ಮಾತ್ರ ಹೊಸನಗರ. ಅಪ್ಪನ ಪಟ್ಟಿಯಲ್ಲಿ ಪಿನ್ ಸಂಖ್ಯೆಗೆ ಎಡೆ ಇರಲಿಲ್ಲವಾದ್ದರಿಂದ ಅಂಚೆಯವರು ಊರನ್ನೇ ನಂಬಿ ಅಲ್ಲಿಗೆ ಒಯ್ದು, ಇಂಥವರು ಇಲ್ಲಿಲ್ಲ ಎಂದು ಬರೆದು ಹಿಂದಿರುಗಿಸಿದ್ದರು. ಹಾಸನದಲ್ಲಿ ನಮಗಿರುವುದು ಒಂದೇ ಮನೆ, ಹೊಸನಗರದಲ್ಲಿಯೂ ಒಂದೇ. ಅದಕ್ಕೇ ಎಣಿಕೆ ಸರಿಹೋಗಿತ್ತು. ಹೊಸನಗರದ ಆ ಒಂದು ಮನೆ ಅಪ್ಪನ ಅಕ್ಕನದು. ಇಡೀ ನೆಂಟರಿಷ್ಟರಲ್ಲಿ ಒಬ್ಬರಿಗೆ ಮಾತ್ರ ಕರೆಯೋಲೆ ತಪ್ಪಬೇಕೆಂದಿದ್ದರೆ, ಅದು ಅತ್ತೆಯೊಬ್ಬರಿಗೆ ಬಿಟ್ಟು ಬೇರೆ ಯಾರಿಗೆ ತಪ್ಪಿದ್ದರೂ ಬದುಕಿಕೊಳ್ಳಬಹುದಿತ್ತು.

ಅಂದೇ ಸಂಜೆ ಅತ್ತೆಯ ಫೋನು ಬಂತು. “ನಿಮ್ಮ ಅಪ್ಪ ಬಾಯಲ್ಲಿ ಕರೆದ, ಕಾಗದ ಅಂಚೆಯಲ್ಲಿ ಬರುತ್ತದೆ ಎಂದ. ನಿನ್ನ ಕಂಪ್ಯೂಟರಿಗೆ ನನ್ನ ಹೆಸರು ಹಿಡಿಸಲಿಲ್ಲವೇನೋ ಮಾಣಿ?” ಎಂದರು. ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸಾಧ್ಯವಿಲ್ಲವಾದ್ದರಿಂದ ನಿಜವನ್ನೇ ಹೇಳಲು ತೊಡಗಿದೆ. “ಬಡಿಸುವವನೊಬ್ಬ ಸೌಟಿಗೆ ದಾರ ಕಟ್ಟಿಕೊಂಡು, ಎಲೆಯಿಂದ ಎಲೆಗೆ ಅದನ್ನು ಗಂಟು ಹಾಕುತ್ತ ಬಿಚ್ಚುತ್ತ ಮೊದಲ ಸುತ್ತು ಮುಗಿಸಿದ ಅಂತ ಇಟ್ಟುಕೊಳ್ಳಿ ಅತ್ತೆ. ಕೊನೆಯ ಎಲೆಯ ಗಂಟನ್ನು ಮಾತ್ರ ಬಿಚ್ಚಲಿಲ್ಲ. ಎರಡನೆಯ ಸುತ್ತಿನಲ್ಲಿ ಅವನು ಯಾವ ಎಲೆಯಿಂದ ಏನನ್ನು ಸೌಟಿಗೆ ತೆಗೆದುಕೊಂಡರೂ ಅದು ಆ ಕೊನೆಯ ಎಲೆಗೇ ಬಂದು ಬೀಳುತ್ತದೆ, ಅಲ್ಲಿದ್ದದ್ದನ್ನು ಒರೆಸಿಹಾಕುತ್ತದೆ. ಅವನು ಕೊನೆಯ ಎಲೆಗೆ ಬಂದು ನೋಡುವಾಗ ಅಲ್ಲಿ ಪಕ್ಕದ ಎಲೆಯದೇ ಊಟ ಇರುತ್ತದೆ. ಅಕಾರಾದಿಯಲ್ಲಿ ಕೊನೆಯದು ಹೊಸನಗರ, ಪಕ್ಕದ್ದು ಹಾಸನ.”

ಅತ್ತೆ ಪೂರ್ತಿ ಕೇಳಿಸಿಕೊಂಡರು. “ಆ ಗಂಟು ಬಿಚ್ಚಬೇಕಾದವನು ಯಾರು?” ಎಂದರು.

“ನಾನೇ. ‘ಅನ್‌ಸೆಟ್’ ಅಂತ ಒಂದು ಸಾಲು ಬರೆಯಬೇಕಿತ್ತು.”

“ಅದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲವೇ?”

ಪಿಎಚ್‌ಪಿಯ ಕೈಪಿಡಿಯಲ್ಲಿ, ಫಾರೀಚ್‌ನ ಪುಟದಲ್ಲಿಯೇ, ಸುತ್ತು ಮುಗಿದರೂ ಕೊನೆಯ ಗೂಡಿನ ನಂಟು ಬಿಡುವುದಿಲ್ಲ, ಅದನ್ನು ಅನ್‌ಸೆಟ್ ಮಾಡಿ ಎಂಬ ಎಚ್ಚರಿಕೆ ಇದೆ. ನಾನು ಅದನ್ನು ಓದಿದ್ದೆ; ಇತರರಿಗೆ ಉಪದೇಶಿಸಿಯೂ ಇದ್ದೆ. ಇದನ್ನು ಅತ್ತೆಗೆ ಹೇಳಲಿಲ್ಲ.

ಮದುವೆಯ ದಿನ ಛತ್ರದಲ್ಲಿ ಅಮ್ಮ ಆ ಲಕೋಟೆಯನ್ನು ಬೇಕೆಂದೇ ಹಾಸನದ ಮಾವನ ಕೈಗೆ ಕೊಟ್ಟರು. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ, ತಾವು ಹೊಸನಗರದಲ್ಲಿ ಯಾವಾಗ ಮನೆ ಕಟ್ಟಿಸಿದೆವೆಂದು ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಅತ್ತೆ ಅದನ್ನು ಅವರ ಕೈಯಿಂದ ತೆಗೆದುಕೊಂಡರು. ನನ್ನ ಜೇಬಿನ ಪೆನ್ನನ್ನು ಕೇಳಿ ಪಡೆದು, ಮಾವನ ಹೆಸರನ್ನೂ ರಸ್ತೆಯನ್ನೂ ಹೊಡೆದುಹಾಕಿ, ಮೇಲೆ ತಮ್ಮ ಹೆಸರು ಬರೆದರು. “ಊರು ಸರಿಯಾಗಿಯೇ ಇದೆ” ಎಂದು ಲಕೋಟೆಯನ್ನು ತಮ್ಮ ಚೀಲಕ್ಕೆ ಸೇರಿಸಿದರು. ಪೆನ್ನನ್ನು ಹಿಂದಕ್ಕೆ ಕೊಡಲಿಲ್ಲ.