ಬಾರ್ಸಿಲೋನಾದಲ್ಲಿ ಓಕುಳಿ

ಬಾರ್ಸಿಲೋನಾಕ್ಕೆ ಬರ್ತಿದ್ದೀನಿ ಎಂದು ಫೋನ್ ಮಾಡಿದಾಗ, ಅಲ್ಲೇ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹೇಳಿದ ಮೊದಲ ಮಾತು, "ಮಾವ, ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಕೊಳ್ಳಿ."

ಚಳಿ ಇರಬೇಕು ಅಂದುಕೊಂಡೆ. ಚಳಿಯಲ್ಲ, ನೀರು. 2024ರ ಜುಲೈಯಲ್ಲಿ, ಪ್ರವಾಸಿಗರ ಕಾಟಕ್ಕೆ ಬೇಸತ್ತು, ಆ ಊರಿನ ಜನ ಮೆರವಣಿಗೆ ಹೊರಟಿದ್ದರು. ಬೀದಿ ಬದಿಯ ಹೋಟೆಲುಗಳಲ್ಲಿ ಊಟಕ್ಕೆ ಕೂತಿದ್ದ ಪ್ರವಾಸಿಗರಿಗೆ, ಮಕ್ಕಳು ಆಡುವ ಪ್ಲಾಸ್ಟಿಕ್ ಪಿಸ್ತೂಲಿನಿಂದ ನೀರು ಹೊಡೆದರು. "ಮನೆಗೆ ಹೋಗಿ" ಎಂದು ಕೂಗಿದರು. ನಮ್ಮ ಕಡೆ ಓಕುಳಿಯಲ್ಲಿ ಎರಚುವವರೂ ನಗುತ್ತಾರೆ, ಒದ್ದೆಯಾದವರೂ ನಗುತ್ತಾರೆ. ಅಲ್ಲಿ ಒಂದೇ ಕಡೆಯವರು ನಕ್ಕರು.

ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಅದೇ ವರ್ಷ ಫೆಬ್ರವರಿಯಲ್ಲಿ ಆ ಪ್ರಾಂತ್ಯಕ್ಕೆ ಬರಗಾಲದ ತುರ್ತುಸ್ಥಿತಿ ಘೋಷಿಸಿದ್ದರು. ತಲೆಗೆ ದಿನಕ್ಕೆ 200 ಲೀಟರ್ ಎಂದು ಲೆಕ್ಕ ಹಾಕಿದ್ದರು. 1929ರಿಂದ ಊರಿನ ಹೆಮ್ಮೆಯಾಗಿರುವ ಬಣ್ಣದ ಕಾರಂಜಿಯನ್ನು ನೀರಿಲ್ಲ ಎಂದು ನಿಲ್ಲಿಸಿದ್ದರು. ಮೇ ಹೊತ್ತಿಗೆ ಒಂದಿಷ್ಟು ಮಳೆಯಾಗಿ ತುರ್ತುಸ್ಥಿತಿ ಸಡಿಲವಾಯಿತು ನೋಡಿ, ಜುಲೈಯಲ್ಲಿ ಪಿಸ್ತೂಲು ತುಂಬಿತು.

ಅವರ ಸಿಟ್ಟು ಸುಳ್ಳು ಅಂತ ನಾನು ಹೇಳುವುದಿಲ್ಲ. ಹತ್ತು ವರ್ಷದಲ್ಲಿ ಬಾಡಿಗೆ ಶೇ 68ರಷ್ಟು ಏರಿದೆ ಎಂದು ಮೇಯರ್ ಜೌಮೆ ಕೊಲ್ಬೋನಿ ಅವರೇ ಹೇಳಿದ್ದಾರೆ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಪರವಾನಗಿ ಪಡೆದ ಮನೆಗಳು 10,101. ಅಷ್ಟನ್ನೂ 2028ರ ನವೆಂಬರ್ ಹೊತ್ತಿಗೆ ರದ್ದು ಮಾಡುತ್ತೇವೆ ಎಂದಿದ್ದಾರೆ. ಒಳ್ಳೆಯದೇ. ಆದರೆ ಆ ಪರವಾನಗಿಗಳು ಆಕಾಶದಿಂದ ಉದುರಿದ್ದಲ್ಲವಲ್ಲ? ಸೀಲು ಒತ್ತಿದ ಕೈಗೆ ನೀರು ಬೀಳಲಿಲ್ಲ. ಮನೆ ಬಾಡಿಗೆಗೆ ಕೊಟ್ಟು ಕಾಸು ಎಣಿಸಿದವನ ಮೇಲೂ ಬೀಳಲಿಲ್ಲ. ಬಿದ್ದದ್ದು ಅನ್ನಕ್ಕೆ ಸೀಗಡಿ ಹಾಕಿಸಿಕೊಂಡು ಕೂತಿದ್ದವನ ತಟ್ಟೆಗೆ. ಎಲೆ ಹಾಕಿ ಕೂರಿಸಿ, ಬಡಿಸಿ, ದುಡ್ಡೂ ಇಸ್ಕೊಂಡು, ಕೊನೆಗೆ ಎಲೆಗೆ ನೀರು ಸುರಿಯುವ ಉಪಚಾರ ನಾನು ಬೇರೆಲ್ಲೂ ಕಂಡಿಲ್ಲ.

ಕರೆಯುವುದನ್ನು ಮಾತ್ರ ನಿಲ್ಲಿಸಿಲ್ಲ. ಪಿಸ್ತೂಲು ಆರುವ ಮೊದಲೇ, ಆಗಸ್ಟಿನಲ್ಲಿ, ಅಮೆರಿಕಾಸ್ ಕಪ್ ಎಂಬ ದೋಣಿ ಪಂದ್ಯ ಇದೇ ಊರಿನ ಕಡಲಲ್ಲಿ ಶುರುವಾಯಿತು. ಜಗತ್ತಿನ ಸಿರಿವಂತರೆಲ್ಲ ಬಂದರು.

ಅಲ್ಲಿ ಪ್ರವಾಸಿಗನನ್ನು 'ಗಿರಿ' ಅನ್ನುತ್ತಾರಂತೆ. ಬೈಗುಳ ಅನ್ನುವ ಹಾಗಿಲ್ಲ, ಪ್ರೀತಿಯೂ ಅಲ್ಲ. ನಮ್ಮ ಬೀದಿಯಲ್ಲೇ ನಾಲ್ಕು ಜನ ಗಿರಿಗಳಿದ್ದಾರೆ, ನನಗೇನೂ ಬೇಸರ ಆಗಲಿಲ್ಲ. "ಅದು ಬಿಸಿಲಿಗೆ ಕೆಂಪಾಗೋ ಬಿಳಿಯರಿಗೆ ಮಾವ, ನಿಮಗಲ್ಲ" ಎಂದ ಹುಡುಗ. ಬೈಗುಳಕ್ಕೂ ಅರ್ಹತೆ ಬೇಕು.

ಮೊದಲು ಸಗ್ರಾದಾ ಫಮಿಲಿಯಾ ಚರ್ಚಿಗೆ ಹೋದೆವು. ಕಟ್ಟಲು ಶುರುಮಾಡಿದ್ದು 1882ರಲ್ಲಿ. ಮರುವರ್ಷ ಅಂಟೋನಿ ಗೌಡಿ ಎಂಬ ವಾಸ್ತುಶಿಲ್ಪಿ ಕೆಲಸ ವಹಿಸಿಕೊಂಡ. ಹೆಸರಿನಲ್ಲೇ ಒಂದು ಗತ್ತು ಇದೆ, ಅಲ್ವಾ? ಒಳಗೆ ಕಂಬಗಳು ಮರದಂತೆ ಕವಲೊಡೆದು ಮೇಲೆ ಹೋಗುತ್ತವೆ, ಬಣ್ಣದ ಗಾಜಿನಿಂದ ಬೆಳಕು ಇಳಿಯುತ್ತದೆ. ಕತ್ತು ನೋಯುವವರೆಗೂ ನೋಡಿದೆ. ಆದರೆ ನನಗೆ ಹತ್ತಿರವಾದದ್ದು ಆ ಕಟ್ಟಡದ ಕಡತ.

ಗೌಡಿ 1885ರಲ್ಲಿ ಕಟ್ಟಡದ ಪರವಾನಗಿಗೆ ಅರ್ಜಿ ಹಾಕಿದ್ದ. ಆಗ ಆ ಜಾಗ ಸಂತ್ ಮಾರ್ತಿ ಎಂಬ ಬೇರೆ ಊರು. ಅರ್ಜಿಗೆ ಉತ್ತರ ಬರಲಿಲ್ಲ. 1897ರಲ್ಲಿ ಆ ಊರೇ ಬಾರ್ಸಿಲೋನಾಕ್ಕೆ ಸೇರಿಹೋಯಿತು. ಬೆಂಗಳೂರಿನ ಅಂಚಿನಲ್ಲಿ ಪಂಚಾಯಿತಿ ಖಾತೆ ಹಿಡಿದುಕೊಂಡು ಕೂತಿರುವವರಿಗೆ ಮುಂದಿನ ಕಥೆ ಬಿಡಿಸಿ ಹೇಳಬೇಕಿಲ್ಲ. ಕಟ್ಟಡ ಏರುತ್ತಲೇ ಹೋಯಿತು. ಯುನೆಸ್ಕೊ ಪಟ್ಟಿಗೆ ಸೇರಿತು. 2010ರಲ್ಲಿ ಪೋಪ್ ಬಂದು ಪವಿತ್ರಗೊಳಿಸಿದರು. ದೇವರ ಕಡೆಯಿಂದ ಮಂಜೂರಾತಿ ಸಿಕ್ಕಿತು, ಪಾಲಿಕೆಯದು ಮಾತ್ರ ಬಾಕಿ. ಇಷ್ಟೆಲ್ಲ ಆದಮೇಲೆ ಯಾರೋ ಪುಣ್ಯಾತ್ಮರಿಗೆ, "ಅಂದ ಹಾಗೆ, ಇದಕ್ಕೆ ಲೈಸೆನ್ಸ್ ಇದೆಯಾ?" ಅನ್ನಿಸಿತು. 100 ಮೀಟರಿಗಿಂತ ಎತ್ತರದ ಕಟ್ಟಡ ಇವರ ಕಣ್ಣಿಗೆ ಅಷ್ಟು ವರ್ಷ ಬಿದ್ದಿರಲಿಲ್ಲ.

2018ರಲ್ಲಿ ರಾಜಿಯಾಯಿತು. ಚರ್ಚಿನವರು ಹತ್ತು ವರ್ಷದಲ್ಲಿ 3 ಕೋಟಿ 60 ಲಕ್ಷ ಯೂರೋ ಕೊಡಬೇಕು. 2019ರ ಜೂನ್‌ನಲ್ಲಿ ಪರವಾನಗಿ ಬಂತು, ಅದಕ್ಕೆ ಶುಲ್ಕ ಬೇರೆ, 46 ಲಕ್ಷ ಯೂರೋ. ಅರ್ಜಿ ಹಾಕಿ 134 ವರ್ಷ. ಅಕ್ರಮ ಸಕ್ರಮ ಅಂತ ನಾವು ಸುಮ್ನೆ ನಾಚಿಕೊಳ್ಳುತ್ತೇವೆ.

ಈಗ ದುಡ್ಡಿನ ಮೂಲ ನೋಡಿ. 2024ರಲ್ಲಿ ಸುಮಾರು 48 ಲಕ್ಷ ಜನ ಟಿಕೆಟ್ ಕೊಂಡು ಒಳಗೆ ಹೋದರು. ಕಟ್ಟಡದ ಖರ್ಚು ಹೆಚ್ಚುಕಮ್ಮಿ ಆ ಟಿಕೆಟ್ಟಿನಿಂದಲೇ. 2025ರ ಅಕ್ಟೋಬರಿನಲ್ಲಿ ಇದು ಜರ್ಮನಿಯ ಉಲ್ಮ್ ಚರ್ಚನ್ನು ಹಿಂದೆ ಹಾಕಿ ಜಗತ್ತಿನ ಅತಿ ಎತ್ತರದ ಚರ್ಚ್ ಆಯಿತಲ್ಲ, ಆ ಎತ್ತರದಲ್ಲಿ ಒಂದೆರಡು ಕಲ್ಲು ನನ್ನದೂ ಇರಬಹುದು. ಕಲ್ಲು ಇರಲಿ, ಗಿರಿ ಹೋಗಲಿ.

ಗೌಡಿಯ ಗತಿಯೂ ಇದೇ. 1926ರ ಜೂನ್‌ನಲ್ಲಿ ಇದೇ ಊರಿನಲ್ಲಿ ಟ್ರಾಮ್ ಬಡಿದು ಬಿದ್ದಾಗ, ಹಳೇ ಬಟ್ಟೆ ಕಂಡು ಯಾರೋ ಭಿಕ್ಷುಕ ಎಂದುಕೊಂಡರು. ಮೂರು ದಿನಕ್ಕೆ ತೀರಿಕೊಂಡ. ಈಗ ಅವನ ಹೆಸರಿನಲ್ಲಿ ಕಪ್, ಛತ್ರಿ, ಫ್ರಿಜ್ಜಿಗೆ ಅಂಟಿಸುವ ಹಲ್ಲಿ ಎಲ್ಲ ಸಿಗುತ್ತವೆ. ಹಲ್ಲಿಯನ್ನು ನಾನೂ ತಂದೆ.

ಮಾರನೇ ದಿನ ಪಾರ್ಕ್ ಗ್ವೆಲ್. ಅದು ಗುಡ್ಡದ ಮೇಲಿದೆ. ನನ್ನ ಮಂಡಿ ನೋಡಿಕೊಂಡು ಬಸ್ ಹುಡುಕಿದೆ. ಫೋನಿನ ಮ್ಯಾಪು ಹತ್ತಲು ಹೇಳಿತು. ಹಾಗೇ ನಿಂತಿದ್ದಾಗ ಎದುರಿಗೆ ಒಂದು ಪುಟ್ಟ ಬಸ್ಸು ಬಂತು. ನಂಬರ್ 116. ಫೋನು ನೋಡಿದೆ, ಬಸ್ಸಿಲ್ಲ. ರಸ್ತೆ ನೋಡಿದೆ, ಬಸ್ಸಿದೆ. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಹತ್ತಿ ಕಿಟಕಿ ಪಕ್ಕ ಕೂತರು. ಬಸ್ಸು ಹೋಯಿತು.

"ಅದನ್ನ ಮ್ಯಾಪಿಂದ ತೆಗೆಸಿದ್ದಾರೆ ಮಾವ" ಎಂದ ಹುಡುಗ. ನಿಜವೇ. ಪ್ರವಾಸಿಗರು ತುಂಬಿಕೊಂಡು ಆ ಬಡಾವಣೆಯ ಮುದುಕರಿಗೆ ಜಾಗವೇ ಸಿಗುತ್ತಿರಲಿಲ್ಲ. ವರ್ಷಗಟ್ಟಲೆ ಗೋಗರೆದರು. ದೊಡ್ಡ ಬಸ್ಸು ಬಿಡಲು ಆ ಸಂದಿಗಳಲ್ಲಿ ದಾರಿಯಿಲ್ಲ. ಕೊನೆಗೆ 2024ರಲ್ಲಿ ಗೂಗಲ್ ಮ್ಯಾಪಿನಿಂದ 116ನ್ನು ಅಳಿಸಿಹಾಕಿಸಿದರು. ಅಜ್ಜಿಗೆ ಸೀಟು ಸಿಕ್ಕಿತು. ನಾನಂತೂ ಇದನ್ನು ವಿರೋಧಿಸಲಾರೆ, ಮಂಡಿ ನೋವು ಅಜ್ಜಿಗೂ ಇರುತ್ತದೆ. ಆದರೆ ಬಸ್ಸು ಮಾಯವಾದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು, ನಂಬರ್ ಸಮೇತ. ಹೀಗೆ ಬಚ್ಚಿಟ್ಟ ಬಸ್ಸಿನ ನಂಬರ್ ಈಗ ನನಗೆ ಬಾಯಿಪಾಠ. ನಮ್ಮ ಬೀದಿಗೆ ಬರುವ ಬಸ್ಸಿನ ನಂಬರ್ ಕೇಳಿದರೆ ತಡವರಿಸುತ್ತೇನೆ.

ಅದೇ ವರ್ಷ ಮೇಯಲ್ಲಿ, ಅದೇ ಪಾರ್ಕಿನಲ್ಲಿ ದೊಡ್ಡ ಫ್ರೆಂಚ್ ಬ್ರ್ಯಾಂಡೊಂದರ ಫ್ಯಾಷನ್ ಶೋ ನಡೆಯಿತು. ಬಡಾವಣೆಯವರು ಬೀದಿಗಿಳಿದು ಕೂಗಾಡಿದರು. ಪ್ರವಾಸಿಗ ಬಸ್ಸಿನಲ್ಲಿ ಬಂದರೆ ಹೊರೆ, ಕಾರಿನಲ್ಲಿ ಬಂದರೆ ಹೆಮ್ಮೆ.

ಈ ಪಾರ್ಕು ಮೊದಲು ಪಾರ್ಕೇ ಆಗಿರಲಿಲ್ಲ. ಲೇಔಟ್ ಆಗಿತ್ತು! 1900ರಲ್ಲಿ ಗ್ವೆಲ್ ಎಂಬ ಸಾಹುಕಾರ 60 ಸೈಟು ಹಾಕಿಸಿ, ಗೌಡಿ ಕೈಲಿ ಗೇಟು, ಮೆಟ್ಟಿಲು, ಕಂಬದ ಮಂಟಪ ಎಲ್ಲ ಕಟ್ಟಿಸಿದ. ಊರಿಂದ ದೂರ, ಹೋಗಿಬರಲು ಗಾಡಿ ಇಲ್ಲ ಎಂದು ಜನ ಬರಲಿಲ್ಲ. ಎದ್ದದ್ದು ಎರಡೇ ಮನೆ, ಒಂದರಲ್ಲಿ ಗೌಡಿಯೇ ಇದ್ದ. ಕೊನೆಗೆ ಪಾಲಿಕೆ ಕೊಂಡುಕೊಂಡು 1926ರಲ್ಲಿ ಸಾರ್ವಜನಿಕರಿಗೆ ಬಿಟ್ಟಿತು. 2013ರಿಂದ ಹೊರಗಿನವರಿಗೆ ಟಿಕೆಟ್. ಅಂದು ಬಸ್ಸಿಲ್ಲದೆ ಜನ ಬರಲಿಲ್ಲ, ಇಂದು ಜನ ಬರದಿರಲೆಂದು ಬಸ್ಸನ್ನು ಅಳಿಸಿದ್ದಾರೆ.

ಸಮುದ್ರ ತೀರದಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. 1992ರ ಒಲಿಂಪಿಕ್ಸಿಗೆ ಮಾಡಿದ ತೀರ ಅದು, ಮೊದಲು ಅಲ್ಲಿ ಕಾರ್ಖಾನೆ, ರೈಲು ಹಳಿ ಇದ್ದವು. ಬಿರುಗಾಳಿ ಬಂದಾಗ ಕಡಲು ಮರಳನ್ನು ವಾಪಸ್ ಕೇಳುತ್ತದೆ.

ಹಳೇ ಊರು ತೋರಿಸು ಎಂದೆ. ಗೋಥಿಕ್ ಬಡಾವಣೆಗೆ ಕರೆದೊಯ್ದ. ಎರಡು ಕಟ್ಟಡಗಳ ನಡುವೆ ಕಲ್ಲಿನ ಕುಸುರಿ ಸೇತುವೆ, ಅದರ ಕೆಳಗೆ ನೂರಾರು ಮೊಬೈಲು. ನಾನೂ 700 ವರ್ಷದ ಹಿಂದಕ್ಕೆ ಹೋದವನಂತೆ ಮುಖ ಮಾಡಿ ಫೋಟೊ ತೆಗೆಸಿಕೊಂಡೆ. ಸೇತುವೆ ಕಟ್ಟಿದ್ದು 1928ರಲ್ಲಿ. ಪಕ್ಕದ ದೊಡ್ಡ ಚರ್ಚಿನ ಒಳಗು ನಿಜಕ್ಕೂ ಹಳೆಯದು. ಎಲ್ಲರೂ ಫೋಟೊ ತೆಗೆಯುವ ಮುಂಭಾಗ 19ನೇ ಶತಮಾನದ ಕೊನೆಯದು, ನಡುವಿನ ಶಿಖರ ಮುಗಿದದ್ದು 1913ರಲ್ಲಿ. ಪ್ರಾಚೀನವಾಗಿ ಕಾಣುವ ಒಂದು ಅರಮನೆಯನ್ನು ಬೇರೆ ಬೀದಿಯಿಂದ ಕಲ್ಲುಕಲ್ಲಾಗಿ ಬಿಚ್ಚಿ ತಂದು 1931ರಲ್ಲಿ ಇಲ್ಲಿ ಜೋಡಿಸಿದ್ದಾರೆ. ಅತಿಥಿ ಬರಲಿ ಎಂದು ಊರೇ ಮೇಕಪ್ ಮಾಡಿಕೊಂಡಿತು. ಅತಿಥಿ ಬಂದ. ಈಗ ಯಾಕೆ ಬಂದೆ ಅನ್ನುತ್ತಿದೆ.

ನಿಜವಾದ ಹಳೆಯದು ಅಲ್ಲೇ ಹಿಂದೆ, ಪಾರಾದೀಸ್ ಎಂಬ ಸಂದಿಯಲ್ಲಿದೆ. ಚಾರಣಿಗರ ಸಂಘವೊಂದರ ಕಟ್ಟಡದ ಒಳಗೆ ರೋಮನ್ ದೇಗುಲದ ನಾಲ್ಕು ಕಂಬ, 2000 ವರ್ಷದವು. ಟಿಕೆಟ್ ಇಲ್ಲ, ಪಿಸ್ತೂಲಿಲ್ಲ. ನಾವಿಬ್ಬರೇ ಇದ್ದೆವು. ಇದನ್ನು ಬರೆಯಬಾರದಿತ್ತೇನೋ.

ಹೊರಡುವ ಸಂಜೆ ರಾಂಬ್ಲಾ ಬೀದಿಯ ತುದಿಯಲ್ಲಿ, ಬಂದರಿನ ಹತ್ತಿರ, ಕೊಲಂಬಸ್ಸನ ಎತ್ತರದ ಕಂಬದ ಕೆಳಗೆ ಕೂತೆವು. 1888ರದು. ನಮ್ಮ ದೇಶ ಹುಡುಕಲು ಹೊರಟು ಇನ್ನೆಲ್ಲಿಗೋ ಹೋಗಿ, 1493ರಲ್ಲಿ ಇದೇ ಊರಿಗೆ ಬಂದು ರಾಜ ರಾಣಿಗೆ ಸಿಕ್ಕಿಬಿಟ್ಟಿತು ಎಂದು ವರದಿ ಒಪ್ಪಿಸಿದವನು. ಮೇಲೆ ನಿಂತು ಬೆರಳು ಚಾಚಿದ್ದಾನೆ. ಅಮೆರಿಕ ಇರುವುದು ಪಶ್ಚಿಮಕ್ಕೆ, ಬೆರಳು ಮೆಡಿಟರೇನಿಯನ್ ಕಡೆಗೆ.

"ಅಲ್ಲಯ್ಯ, ಹುಡುಕಿದ್ದ ಇಂಡಿಯಾದವನು ನಾನೇ ಟಿಕೆಟ್ ಹಾಕಿಸಿಕೊಂಡು ಬಂದು ಕೂತಿದ್ದೀನಿ, ಇವನು ಎಲ್ಲಿಗೆ ತೋರಿಸ್ತಿದ್ದಾನೆ?" ಎಂದೆ.

ಹುಡುಗ ಕತ್ತೆತ್ತಿ ನೋಡಿದ. "ಏರ್‌ಪೋರ್ಟಿಗೆ ಇರಬೇಕು, ಮಾವ."