‘ಬಲ ಇಂಡಿಕೇಟರ್ ಹಾಕಿದ್ದಾನೆ, ಹೋಗಿ ಭಾವ’

ಹೋದ ತಿಂಗಳು ಮಂಗಳೂರಿಗೆ ಹೊರಟಿದ್ದೆವು. ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮುಂದೆ ಒಂದು ಬುಲೆಟ್ ಟ್ಯಾಂಕರ್ ಸಿಕ್ಕಿತು. ವೇಗ 30 ಕೂಡ ಇಲ್ಲ. ಪಕ್ಕದಲ್ಲಿದ್ದ ಭಾಮೈದನಿಗೆ ತಾಳ್ಮೆ ಸ್ವಲ್ಪ ಕಡಿಮೆ. “ಬಲ ಇಂಡಿಕೇಟರ್ ಹಾಕಿದ್ದಾನೆ, ಹೋಗಿ ಭಾವ” ಅಂದ.

ನಾನು ಹೋಗಲಿಲ್ಲ. ಜಾಣತನ ಏನಲ್ಲ, ಮುಂದಿನ ತಿರುವು ನೋಡಿ ಹೆದರಿಕೆ ಆಯಿತು, ಅಷ್ಟೇ. ಅಷ್ಟರಲ್ಲಿ ಟ್ಯಾಂಕರ್ ಪೂರ್ತಿ ಬಲಕ್ಕೆ ಬಂತು. ಎಡಕ್ಕೆ ಒಂದು ಲಾರಿ ಕೆಟ್ಟು ನಿಂತಿತ್ತು. ಅದರ ಹಿಂದೆ ಎರಡು ಕಲ್ಲು, ಒಂದು ಸೊಪ್ಪಿನ ಕೊಂಬೆ. ಇಂಡಿಕೇಟರ್ ಹಾಕಿದ್ದು ನಮಗೆ ದಾರಿ ಬಿಡಲಿಕ್ಕಲ್ಲ, ಅವನೇ ಬಲಕ್ಕೆ ಬರಲಿಕ್ಕೆ!

ನಮ್ಮ ಹೆದ್ದಾರಿಗಳಲ್ಲಿ ಈ ಬಲ ಇಂಡಿಕೇಟರ್‌ಗೆ ಒಂದೇ ಅರ್ಥ ಇಲ್ಲ. ಕೆಲವು ಡ್ರೈವರ್‌ಗಳು ‘ರೋಡ್ ಖಾಲಿ, ಹೋಗು’ ಅಂತ ಹಾಕುತ್ತಾರೆ. ಕೆಲವರು ‘ಎದುರಿಗೆ ಗಾಡಿ ಇದೆ, ಬರಬೇಡ’ ಅಂತ. ಇನ್ನು ಕೆಲವರು ನಿಜವಾಗಿಯೂ ಬಲಕ್ಕೆ ತಿರುಗಲು. ಯಾವುದು ಅಂತ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ನಾನು ಅದನ್ನು ಅನುಮತಿ ಅಂತ ಓದುವುದನ್ನೇ ಬಿಟ್ಟಿದ್ದೇನೆ. ನನ್ನ ಕಣ್ಣಿಗೆ ರಸ್ತೆ ಕಾಣಬೇಕು.

ಎಷ್ಟು ರಸ್ತೆ? ಎರಡು ಪಥದ ಬಯಲು ರಸ್ತೆಯದೇ ಲೆಕ್ಕ ಹಾಕಿ. ಲಾರಿ 60ರಲ್ಲಿ, ನೀವು 80ರಲ್ಲಿ. ಹಿಂದೆ 20 ಮೀಟರ್ ಅಂತರ, ಲಾರಿ ಮತ್ತು ಕಾರಿನ ಉದ್ದ, ದಾಟಿದ ಮೇಲೆ ಮತ್ತೆ 20 ಮೀಟರ್. ಅಂದರೆ ಲಾರಿಗಿಂತ ಸುಮಾರು 60 ಮೀಟರ್ ಜಾಸ್ತಿ ಓಡಬೇಕು. ಸೆಕೆಂಡಿಗೆ ನೀವು ಗಳಿಸುವುದು ಐದೂವರೆ ಮೀಟರ್ ಮಾತ್ರ. ಹನ್ನೊಂದು ಸೆಕೆಂಡ್ ಆಯಿತು. ಅಷ್ಟರಲ್ಲಿ ನೀವು 240 ಮೀಟರ್ ಹೋಗಿರುತ್ತೀರಿ, ಎದುರಿಂದ 80ರಲ್ಲಿ ಬರುವವನೂ ಅಷ್ಟೇ ಬಂದಿರುತ್ತಾನೆ. ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಖಾಲಿ ಇರಬೇಕು! ಘಾಟಿಯಲ್ಲಿ ವೇಗ ಕಡಿಮೆ ನಿಜ. ಆದರೆ ಅಲ್ಲಿ ತಿರುವಿನಾಚೆ ಏನೂ ಕಾಣುವುದಿಲ್ಲವಲ್ಲ.

ಲಾರಿಯ ಬೆನ್ನಿಗೆ ಅಂಟಿಕೊಂಡರೆ ಕಾಣುವುದು ಅದರ ಮಡ್‌ಗಾರ್ಡ್ ಮಾತ್ರ. ಸ್ವಲ್ಪ ಹಿಂದೆ ಉಳಿಯಿರಿ, ರಸ್ತೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಅವನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲ. ಮುಂದಿನ ಕಾರು ಹೋಯಿತು ಅಂತ ಅದರ ಬಾಲ ಹಿಡಿದು ಹೋಗುವವರಂತೂ... ಅವನಿಗೆ ಸಿಕ್ಕ ಜಾಗ ಅವನ ಜೊತೆಗೇ ಮುಗಿದಿರುತ್ತೆ ಸ್ವಾಮಿ.

ಹಾಸನ-ನೆಲಮಂಗಲದ ನಾಲ್ಕು ಪಥದ ಗೋಳು ಬೇರೆ. ಲಾರಿಗಳು ಬಲಗಡೆಯೇ ಬೀಡು ಬಿಟ್ಟಿರುತ್ತವೆ. ಎಡದಿಂದ ನುಗ್ಗಿದರೆ ಅಲ್ಲಿ ರಾಂಗ್ ಸೈಡಿನಲ್ಲಿ ಬೈಕು ಬರುತ್ತಿರುತ್ತೆ. ಹಾರ್ನ್ ಹೊಡೆದು, ಲೈಟು ಕೊಟ್ಟು ಕಾಯುತ್ತೇನೆ. ಹಿಂದಿನವರು ಬೈದುಕೊಳ್ಳುತ್ತಾರೆ, ಬೈಯಲಿ.

ಅವತ್ತು ಆ ಟ್ಯಾಂಕರ್ ಹಿಂದೆ ನಾಲ್ಕು ಕಿಲೋಮೀಟರ್ ಹೋದೆವು. 30ರಲ್ಲಿ ಎಂಟು ನಿಮಿಷ. ದಾಟಿ 50ರಲ್ಲಿ ಹೋಗಿದ್ದರೆ ಐದು ನಿಮಿಷ. ಮೂರು ನಿಮಿಷಕ್ಕೆ ಭಾಮೈದ ಗುಂಡ್ಯದವರೆಗೂ ಮುಖ ಊದಿಸಿಕೊಂಡಿದ್ದ.

ಇಲ್ಲಿ ಲಾರಿ ಓಡಿಸುವ ಗೆಳೆಯರಿದ್ದರೆ ಹೇಳಿ: ನಿಮ್ಮ ಕಡೆ ಬಲ ಇಂಡಿಕೇಟರ್ ಹಾಕಿದರೆ ಏನರ್ಥ?